ಧೃತರಾಷ್ಟ್ರ ಮತ್ತು ಏಳು ಸೆಕೆಂಡಿನ ಚೀಟಿ

ಗದುಗಿನವರಿಗೆ ಭಾರತದ ಕಥೆ ಮನೆಯ ಮಾತು. ವೀರನಾರಾಯಣನ ಗುಡಿಗೆ ಹೋದರೆ ಕುಮಾರವ್ಯಾಸ ಒರಗಿ ಕುಳಿತು ಕಾವ್ಯ ಕಟ್ಟಿದನೆಂಬ ಕಂಬವನ್ನು ಇವತ್ತಿಗೂ ತೋರಿಸುತ್ತಾರೆ. ಅದೇ ಊರಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಹಾರ್ಮೋನಿಯಂ ಮುಂದೆ ಕುಳಿತು ಸ್ವರ ಕಲಿಯುತ್ತಾರೆ. ಇಷ್ಟು ಹತ್ತಿರದಲ್ಲಿದ್ದರೂ ನಾವು ಕಾವ್ಯದ ಕುರುಡನನ್ನೂ ಆಶ್ರಮದ ಹುಡುಗರನ್ನೂ ಒಟ್ಟಿಗೆ ಇಟ್ಟು ಯೋಚಿಸಿದ್ದು ಕಡಿಮೆ. ನನಗೆ ಅದು ಹೊಳೆದದ್ದು ಗುಡಿಯಲ್ಲೂ ಅಲ್ಲ, ಆಶ್ರಮದಲ್ಲೂ ಅಲ್ಲ, ಮತಗಟ್ಟೆಯ ಸಾಲಿನಲ್ಲಿ.

2024ರ ಮೇ 7, ಲೋಕಸಭೆಯ ಚುನಾವಣೆ. ಗದಗ ಹಾವೇರಿ ಕ್ಷೇತ್ರಕ್ಕೆ ಸೇರುತ್ತದೆ. ಸಾಲಿನಲ್ಲಿ ನನ್ನ ಹಿಂದೆ ಕಣ್ಣು ಕಾಣದ ಹಿರಿಯರೊಬ್ಬರು ಮೊಮ್ಮಗನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು. ಒಳಗೆ ಅಧಿಕಾರಿ ಮೊಮ್ಮಗನ ವಯಸ್ಸು ಕೇಳಿದರು, ಒಂದು ನಮೂನೆಗೆ ಸಹಿ ಹಾಕಿಸಿಕೊಂಡರು. ಹೊರಗೆ ಬಂದ ಮೇಲೆ ಅಜ್ಜ ಬೀಡಿ ಹುಡುಕುತ್ತ ಅಂದರು: "ನಾ ಯಾರಿಗೆ ಹಾಕ್ದೆ ಅನ್ನೂದು ಇಂವಗ ಗೊತ್ತು. ಇಂವ ಯಾರಿಗೆ ಒತ್ತಿದಾ ಅನ್ನೂದು ನನಗ ಗೊತ್ತಿಲ್ಲ." ಮೊಮ್ಮಗ ನಕ್ಕ. ಅಜ್ಜ ನಗಲಿಲ್ಲ.

1961ರ ಚುನಾವಣಾ ನಿಯಮಗಳಲ್ಲಿ 49-ಎನ್ ಎಂಬುದೊಂದಿದೆ. ಕಣ್ಣು ಕಾಣದವರು, ಗುಂಡಿ ಒತ್ತಲು ಆಗದವರು ಹದಿನೆಂಟು ತುಂಬಿದ ಒಬ್ಬ ಸಂಗಾತಿಯನ್ನು ಒಳಗೆ ಕರೆದೊಯ್ಯಬಹುದು. ಸಂಗಾತಿ ಗುಟ್ಟು ಕಾಯುತ್ತೇನೆಂದು ಬರೆದುಕೊಡಬೇಕು, ಆ ದಿನ ಇನ್ನೊಬ್ಬರಿಗೆ ಸಂಗಾತಿಯಾಗಬಾರದು. ಓದುತ್ತಿದ್ದಂತೆ ನನಗೆ ಸಂಜಯ ನೆನಪಾದ. ಯುದ್ಧ ನೋಡಲು ವ್ಯಾಸರು ಕಣ್ಣು ಕೊಡುತ್ತೇನೆಂದರೂ ಧೃತರಾಷ್ಟ್ರ ಬೇಡವೆಂದ, ತನ್ನವರು ತನ್ನವರನ್ನು ಕೊಲ್ಲುವುದನ್ನು ನೋಡಲಾರೆ, ಕೇಳಿದರೆ ಸಾಕೆಂದ. ಆ ದೃಷ್ಟಿ ಸಂಜಯನಿಗೆ ಹೋಯಿತು. ಅಲ್ಲಿಂದ ಮುಂದೆ ದೊರೆಗೆ ಗೊತ್ತಾದದ್ದೆಲ್ಲ ಸಂಜಯ ಹೇಳಿದ್ದು. ಸಂಜಯ ಸುಳ್ಳು ಹೇಳಿದ್ದರೆ? ಈ ಪ್ರಶ್ನೆಯನ್ನು ಕಾವ್ಯ ಎತ್ತುವುದಿಲ್ಲ; ಅವನ ಕಣ್ಣಿಗೆ ಋಷಿಯ ವರವೇ ಜಾಮೀನು. ಮೊಮ್ಮಗನ ಕಣ್ಣಿಗೆ ಜಾಮೀನು ಸಹಿ ಮಾಡಿದ ಒಂದು ಹಾಳೆ.

ನಮ್ಮ ವಿಮರ್ಶೆ ಧೃತರಾಷ್ಟ್ರನ ಕುರುಡನ್ನು ಬಹಳ ಸಲೀಸಾಗಿ ರೂಪಕ ಮಾಡಿಕೊಂಡಿದೆ ಎಂಬುದು ನನ್ನ ತಕರಾರು. ಪುತ್ರವ್ಯಾಮೋಹದಿಂದ ಕುರುಡಾದವನು, ಒಳಗಣ್ಣೂ ಇಲ್ಲದವನು ಎಂದು ಶಾಲೆಯ ಪ್ರಬಂಧದಿಂದ ಹಿಡಿದು ಸಂಪಾದಕೀಯದವರೆಗೆ ಬರೆಯುತ್ತೇವೆ. ಆದರೆ ಕಥೆಯಲ್ಲಿ ಅವನ ಕುರುಡುತನ ಮೊದಲು ಬರುವುದು ರೂಪಕವಾಗಿ ಅಲ್ಲ, ಅನರ್ಹತೆಯಾಗಿ. ಹುಟ್ಟುವ ಕೂಸಿಗೆ ಕಣ್ಣಿರುವುದಿಲ್ಲವೆಂದು ತಿಳಿದ ಕೂಡಲೇ ಸತ್ಯವತಿ, ಕುರುಡ ಕುರುಕುಲದ ದೊರೆಯಾಗಲು ತಕ್ಕವನಲ್ಲ, ಇನ್ನೊಬ್ಬ ಬೇಕು ಎನ್ನುತ್ತಾಳೆ. ಹಿರಿಯನಿದ್ದೂ ಪಟ್ಟ ಪಾಂಡುವಿಗಾಗುತ್ತದೆ. ಆಮೇಲೆ ದುರ್ಯೋಧನ ಅಪ್ಪನ ಮುಂದೆ ಇದೇ ಗಾಯವನ್ನು ಕೆದಕುತ್ತಾನೆ: ನಿನಗೆ ಬಂದಿದ್ದ ರಾಜ್ಯ ಕಣ್ಣಿಲ್ಲದ್ದಕ್ಕೆ ಕೈತಪ್ಪಿತು. ಕುರುಕ್ಷೇತ್ರದ ಮೂಲದಲ್ಲಿ ಅಂಗವೈಕಲ್ಯದ ಕಾರಣಕ್ಕೆ ಹಕ್ಕು ಕಳೆದುಕೊಂಡವನೊಬ್ಬನ ಮನೆಯಿದೆ. ಇದನ್ನು ದುರ್ಯೋಧನನ ಪರ ವಕಾಲತ್ತು ಎಂದು ಯಾರೂ ತಿಳಿಯಬೇಕಿಲ್ಲ.

ತಮಾಷೆಯೆಂದರೆ, ಪಾಂಡು ಕಾಡಿಗೆ ಹೋದ ಮೇಲೆ ಆಳಿದ್ದು ಆ ಅನರ್ಹನೇ. ಅವನ ಆಳ್ವಿಕೆ ಕೆಟ್ಟದ್ದು ಕಣ್ಣಿನಿಂದಲೋ? ಜೂಜಿನ ಸಭೆಯಲ್ಲಿ ಭೀಷ್ಮ ದ್ರೋಣರಿಗೆ ಕಣ್ಣಿತ್ತು, ಎಲ್ಲ ನೋಡುತ್ತ ಕುಳಿತಿದ್ದರು. ಅದೇ ಸಭೆಯಲ್ಲಿ ಧೃತರಾಷ್ಟ್ರ ಗೆದ್ದರೋ ಗೆದ್ದರೋ ಎಂದು ಮತ್ತೆ ಮತ್ತೆ ಕೇಳುವುದನ್ನು ಅವನ ಆಸೆಬುರುಕತನಕ್ಕೆ ಸಾಕ್ಷಿ ಮಾಡುತ್ತೇವೆ. ಆಸೆಯಿತ್ತು, ಸರಿ. ಆದರೆ ಕಣ್ಣಿದ್ದವನ ಆಸೆ ದಾಳದ ಕಡೆ ಸುಮ್ಮನೆ ನೋಡಿ ತಣಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಕುರುಡ ಬಾಯಿ ಬಿಟ್ಟು ಕೇಳಬೇಕು. ಅವನಿಗೆ ಗುಟ್ಟಿನ ಸವಲತ್ತು ಇಲ್ಲ.

ಮತಗಟ್ಟೆಯ ಅಜ್ಜನಿಗೂ ಅದೇ ಸವಲತ್ತು ಇರಲಿಲ್ಲ. ಗುಟ್ಟಿಗೆಂದು ಮಾಡಿದ ಏರ್ಪಾಡುಗಳಿಲ್ಲವೆಂದಲ್ಲ. ಮತಯಂತ್ರದ ನೀಲಿ ಗುಂಡಿಗಳ ಪಕ್ಕದಲ್ಲಿ ಬ್ರೈಲ್ ಅಂಕಿಗಳಿವೆ. ಅಭ್ಯರ್ಥಿಗಳ ಹೆಸರಿರುವ ಬ್ರೈಲ್ ಹಾಳೆಯನ್ನು ಕೇಳಿ ಪಡೆದು, ಕ್ರಮಸಂಖ್ಯೆ ನೆನಪಿಟ್ಟು ತಾವೇ ಗುಂಡಿ ಒತ್ತಬಹುದು. ಆದರೆ ಇಳಿವಯಸ್ಸಿನಲ್ಲಿ ಕಣ್ಣು ಹೋದವರಿಗೆ ಬ್ರೈಲ್ ಎಲ್ಲಿಂದ ಬರಬೇಕು? ಬಂದರೂ ಇನ್ನೊಂದಿದೆ. ಯಾರಿಗೆ ಹಾಕಿದಿರೆಂದು ತೋರಿಸುವ ವಿವಿಪ್ಯಾಟ್ ಚೀಟಿ ಗಾಜಿನ ಹಿಂದೆ ಏಳು ಸೆಕೆಂಡು ಕಂಡು ಡಬ್ಬಿಗೆ ಬೀಳುತ್ತದೆ. ನಂಬಿಕೆ ಗಟ್ಟಿಯಾಗಲೆಂದು ತಂದ ಆ ಚೀಟಿ ಕಾಣದವರಿಗೆ ಏನನ್ನೂ ಹೇಳುವುದಿಲ್ಲ. ಅವರಿಗೆ ಉಳಿಯುವುದು 'ಬೀಪ್' ಎಂಬ ಸದ್ದು, ಅದು ಯಾರಿಗೆ ಹಾಕಿದರೂ ಒಂದೇ.

ಕಾನೂನು ನಡೆದು ಬಂದ ದಾರಿಯನ್ನೂ ಹೇಳಬೇಕು. ಹುಟ್ಟುಕುರುಡರಿಗೆ, ಹುಟ್ಟುಕಿವುಡರಿಗೆ ಆಸ್ತಿಯ ಪಾಲಿಲ್ಲವೆಂದಿತ್ತು ಮನುಸ್ಮೃತಿ. 1928ರ ಕಾಯ್ದೆ ಅದನ್ನು ಬಹುಮಟ್ಟಿಗೆ ತೆಗೆಯಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ರೋಗ, ಊನ ಯಾವುದೂ ಅಡ್ಡಿಯಲ್ಲ ಎಂದಿತು. 1953ರಲ್ಲೇ ಕಲ್ಕತ್ತಾದಿಂದ ಸಾಧನ್ ಗುಪ್ತ ಕಣ್ಣಿಲ್ಲದ ಮೊದಲ ಸಂಸದರಾಗಿ ಲೋಕಸಭೆಗೆ ಹೋಗಿದ್ದರು. 1977ರಲ್ಲಿ ರೇವಾದಲ್ಲಿ ದೃಷ್ಟಿಯಿಲ್ಲದ ಯಮುನಾ ಪ್ರಸಾದ್ ಶಾಸ್ತ್ರಿ ಸೋಲಿಸಿದ್ದು ಯಾರನ್ನು ಗೊತ್ತೇ? ಆ ಸಂಸ್ಥಾನದ ಮಹಾರಾಜರನ್ನು. ಸತ್ಯವತಿಗೆ ಇದನ್ನು ಹೇಳಬೇಕಿತ್ತು ಅನ್ನಿಸುತ್ತದೆ.

ನಮ್ಮ ಕಡೆ ಕಣ್ಣಿಲ್ಲದವರಿಗೆ ಸಿಕ್ಕ ದೊಡ್ಡ ಸ್ಥಾನ ಬೇರೆ ಬಗೆಯದು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಹಾಡಿದರು, ಕಲಿಸಿದರು, ನಾಟಕ ಕಂಪನಿ ನಡೆಸಿದರು. 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ಬಂತು, ಅದೇ ವರ್ಷ ತೀರಿಕೊಂಡರು. ನಾವು ಅವರನ್ನು ದೇವರೆಂದೆವು. ಪಾದಕ್ಕೆ ಹಣೆ ಹಚ್ಚಿದ ಜನರೇ ಬೇರೆ ಕುರುಡನಿಗೆ ಕುಂಟನಿಗೆ 'ಎಂಟು ಚೇಷ್ಟೆ'ಯ ಗಾದೆ ಹೇಳುತ್ತೇವೆ. ದೇವರಾಗುವುದಕ್ಕೂ ಗಾದೆಯಾಗುವುದಕ್ಕೂ ನಡುವೆ ಸಾದಾ ಮತದಾರನಾಗಿ ನಿಲ್ಲಲು ಜಾಗ ಇಕ್ಕಟ್ಟು.

ಸರ್ಕಾರದ ಪದಗಳೂ ಹೆಚ್ಚು ನೆರವಾಗಿಲ್ಲ. ಅಂಗವಿಕಲ ಎಂದರೆ ನೋವಾಗುತ್ತದೆಂದು ವಿಕಲಚೇತನ ಎಂದರು. ಬಿಡಿಸಿ ನೋಡಿ: ಅಂಗಕ್ಕಿದ್ದ ಊನವನ್ನು ಚೇತನಕ್ಕೆ ಅಂಟಿಸಿದ ಹಾಗಾಯಿತು. ಯಾವ ಅಂಗದ ಊನಕ್ಕೂ ಪಟ್ಟಿಯಿಂದ ಹೆಸರು ಹೋಗುವುದಿಲ್ಲ. ನ್ಯಾಯಾಲಯ ಚಿತ್ತ ಸ್ವಸ್ಥವಿಲ್ಲವೆಂದು ಸಾರಿದರೆ ಮಾತ್ರ 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಂತೆ ಹೋಗುತ್ತದೆ. ಯಾವುದರಿಂದ ಹಕ್ಕು ಹೋಗುತ್ತದೋ ಅದನ್ನೇ ಗೌರವದ ಹೆಸರಾಗಿ ಕೊಟ್ಟಿದ್ದೇವೆ. ದಿವ್ಯಾಂಗ ಎಂಬುದಂತೂ ಮತ್ತೆ ದೇವರ ದಾರಿ.

ಗದುಗಿನಿಂದ ಮುಳಗುಂದದ ಕಡೆ ಹೊರಟರೆ ಮಲ್ಲಸಮುದ್ರ, ಅಲ್ಲಿ ಜಿಲ್ಲೆಯ ವೈದ್ಯಕೀಯ ಕಾಲೇಜಿದೆ. ವೈದ್ಯರು ಊನವನ್ನು ಅಳೆದು ಶೇಕಡಾ ಹಾಕುತ್ತಾರೆ. ಶೇ. 40 ದಾಟಿದರೆ ಮನೆಯಲ್ಲೇ ಮತ ಹಾಕಬಹುದು; ಕರ್ನಾಟಕದಲ್ಲಿ ಇದು ಮೊದಲು ನಡೆದದ್ದು 2023ರ ವಿಧಾನಸಭಾ ಚುನಾವಣೆಯಲ್ಲಿ. ಹಾಸಿಗೆ ಹಿಡಿದವರಿಗೆ ದೊಡ್ಡ ಉಪಕಾರ, ಅನುಮಾನವಿಲ್ಲ. ಆದರೆ 2004ರಲ್ಲಿ ಸುಪ್ರೀಂ ಕೋರ್ಟು ಮತಗಟ್ಟೆಗಳಿಗೆ ಮರದ ಇಳಿಜಾರು ಹಾಕಿಸಿ ಎಂದದ್ದು ಜನ ಮನೆಯಿಂದ ಹೊರಗೆ ಬರಲೆಂದು.

ಆ ಅಜ್ಜನಿಗೂ ಮನೆಗೇ ಬರುತ್ತಾರಲ್ಲ, ಯಾಕೆ ಬಿಸಿಲಲ್ಲಿ ಬಂದಿರಿ ಎಂದು ಕೇಳಿದೆ. ಕೊನೆಗೂ ಬೀಡಿ ಸಿಕ್ಕಿತ್ತು. "ಮನ್ಯಾಗ ಹಾಕಿದ್ರ ಮಗಾ, ಸೊಸಿ ಎಲ್ಲಾರೂ ಸುತ್ತ ನಿಂತಿರ್ತಾರ್ರೀ," ಅಂದರು. "ಇಲ್ಲಿ ಇಂವ ಒಬ್ಬನ."