ಸಿಪ್ಪೆ ಸುಲಿದ ಕೋಶಕೇಂದ್ರ

ಕೊಬ್ಬಿನ ಜಾತಿಯ ಲಿಪಿಡ್ ಅಣುಗಳಿಗೆ ಜೀವಕೋಶದ ಪೊರೆಯೇ ಮನೆ ಎಂದು ಬಹುಕಾಲ ನಂಬಲಾಗಿತ್ತು. 1987ರಲ್ಲಿ ಇಟಲಿಯ ಲೂಚಿಯೋ ಕೊಕ್ಕೋ, ಇಂಗ್ಲೆಂಡಿನ ರಾಬಿನ್ ಅರ್ವಿನ್ ಮತ್ತು ಸಂಗಡಿಗರು ಇಲಿಯ ರಕ್ತಕ್ಯಾನ್ಸರ್ ಕೋಶಗಳ ಕೇಂದ್ರವನ್ನು ಡಿಟರ್ಜೆಂಟಿನಲ್ಲಿ ತೊಳೆದು ಅದರ ಹೊರಪೊರೆಯನ್ನು ಕಳಚಿದರು. ಆಮೇಲೂ ಒಳಗೆ ಇನೋಸಿಟಾಲ್ ಲಿಪಿಡ್‌ಗಳು ತಯಾರಾಗುತ್ತಲೇ ಇದ್ದವು. ಹೊರಗಿನ ಪೊರೆಯ ಚೂರು ಅಂಟಿಕೊಂಡಿರಬಹುದಲ್ಲ ಎಂಬ ಆಕ್ಷೇಪ ಸಹಜವೇ. ಆದರೆ ಕೆಂಪು ರಕ್ತಕಣವಾಗುವ ದಾರಿ ಹಿಡಿದ ಕೋಶಗಳನ್ನು ಹಾಗೆಯೇ ತೊಳೆದಾಗ ಲಿಪಿಡ್ ತಯಾರಿಕೆಯ ಲೆಕ್ಕವೇ ಬದಲಾಗಿತ್ತು. ಬರೀ ಅಂಟಿದ ಕೊಳೆಯಾಗಿದ್ದರೆ ಕೋಶ ಬಲಿತದ್ದು ಅದಕ್ಕೆ ತಿಳಿಯುವುದು ಹೇಗೆ? ದುಬಾರಿ ಯಂತ್ರಗಳಿಗಿಂತ ಈ ಹೋಲಿಕೆಯ ಜಾಣ್ಮೆಯೇ ನನಗೆ ಹೆಚ್ಚಿನದು.

ಆ ಇನೋಸಿಟಾಲ್ ಲಿಪಿಡ್‌ಗಳನ್ನು ಕತ್ತರಿಸುವ ಪಿಎಲ್‌ಸಿ ಬೀಟಾ-1 ಎಂಬ ಕಿಣ್ವವೂ ಕೋಶಕೇಂದ್ರದಲ್ಲಿ ಸಿಕ್ಕಿತು. ಮುಂದೆ ಕೊಕ್ಕೋ ಅವರ ಬೊಲೊನ್ಯಾದ ತಂಡ, ಎಂಡಿಎಸ್ ಎಂಬ ಅಸ್ಥಿಮಜ್ಜೆಯ ಕಾಯಿಲೆಯಿಂದ ತೀವ್ರ ರಕ್ತಕ್ಯಾನ್ಸರಿಗೆ ಜಾರಿದ ಕೆಲವರಲ್ಲಿ ಈ ಕಿಣ್ವದ ಜೀನಿನ ಎರಡು ಪ್ರತಿಗಳಲ್ಲಿ ಒಂದು ಅಳಿಸಿಹೋಗಿದ್ದನ್ನು ಕಂಡಿತು. ಎಂಡಿಎಸ್‌ಗೆ ಕೊಡುವ ಅಜಾಸಿಟಿಡಿನ್ ಔಷಧಿ ಫಲಿಸಿದವರಲ್ಲಿ ಅದೇ ಜೀನಿನ ಚಟುವಟಿಕೆ ಏರಿತ್ತು. ಪರೀಕ್ಷಿಸಿದ ರೋಗಿಗಳು ಕಡಿಮೆ, ಇದು ರೋಗದ ಕಾರಣವೋ ಬರೀ ಗುರುತೋ ಎಂಬ ತಕರಾರಿಗೆ ತೂಕವಿದೆ. ಹಾಗಿದ್ದರೂ, ಔಷಧಿ ನಾಟುತ್ತಿದೆಯೇ ಎಂದು ಮುಂಚಿತವಾಗಿ ಹೇಳಬಲ್ಲ ಗುರುತು ವೈದ್ಯರಿಗೆ ಸಣ್ಣ ಗಳಿಕೆಯಲ್ಲ.