ನಿವಾಳಿಸುವ ಕೈ, ನಿಂತುಹೋಗುವ ಹೊತ್ತು



ಮುಸ್ಸಂಜೆಯ ವೇಳೆ. ಹಾಲುಣ್ಣದೆ ಒಂದೇ ಸಮನೆ ಅಳುವ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡ ಸೊಸೆ. ಮುಷ್ಟಿಯಲ್ಲಿ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಹಿಡಿದು ಮೂರು ಸಲ ನಿವಾಳಿಸಿ ಒಲೆಗೆ ಹಾಕುವ ಅತ್ತೆ. ನಮ್ಮ ಹಳ್ಳಿಗಳಲ್ಲಿ ಈ ಚಿತ್ರವನ್ನು ಕಾಣದೆ ಬೆಳೆದವರು ವಿರಳ. ಮಠದ ಪ್ರಸಾದನಿಲಯದಲ್ಲಿದ್ದು ಓದಿ ದೊಡ್ಡ ಹುದ್ದೆಗೇರಿದವರೂ ಊರಿಗೆ ಬಂದಾಗ ತಾಯಿಯ ಆ ಮುಷ್ಟಿಯ ಮುಂದೆ ಮರುಮಾತಿಲ್ಲದೆ ಕುಳಿತುಕೊಳ್ಳುವುದುಂಟು. ಇದನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ; ಹಿರಿಯರ ಪದ್ಧತಿಯೆಂದು ತಲೆಬಾಗುವುದು ಇನ್ನೂ ಸುಲಭ. ಆದರೆ ಇವೆರಡೂ ವಿಮರ್ಶೆಯಾಗಲಾರವು.

ಆ ಗಳಿಗೆಯಲ್ಲಿ ಅಜ್ಜಿಯ ಬಾಯಿಂದ ಹೊರಡುವ ಮಾತನ್ನು ಮೊದಲು ಮಾತೆಂದೇ ಪರಿಶೀಲಿಸೋಣ. ಅದೊಂದು ಪಟ್ಟಿ. ನಾಯಿನರಿಗಳ ಕಣ್ಣು, ಹಾದಿಹೋಕರ ಕಣ್ಣು, ನೆರೆಹೊರೆಯವರ ಕಣ್ಣು ಎಂದು ಎಣಿಸುತ್ತ ಸಾಗಿ, ಎಷ್ಟೋ ಮನೆಗಳಲ್ಲಿ ಹೆತ್ತ ತಾಯಿಯ ಕಣ್ಣನ್ನೂ ಅದರಲ್ಲಿ ಸೇರಿಸಲಾಗುತ್ತದೆ. ಗಮನಿಸಬೇಕಾದುದು ಇದನ್ನೇ. ಆ ಮಾತು ಯಾರೊಬ್ಬರನ್ನೂ ಹೆಸರು ಹಿಡಿದು ದೂಷಿಸುವುದಿಲ್ಲ. ಕಂದನನ್ನು ಕಂಡು ಹಿಗ್ಗಿದ ತನ್ನ ಅತಿಮೋಹವನ್ನೂ ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲಿಸುತ್ತದೆ. ಜಾನಪದ ನುಡಿಯೆಂಬ ನೆಲೆಯಿಂದ ನೋಡಿದರೆ ಇದರಲ್ಲಿ ಮನೋಧರ್ಮದ ಹಿರಿಮೆಯಿದೆ. ಇದೇ ಕೆಲಸವನ್ನು ಹಣಕ್ಕಾಗಿ ಮಾಡುವ ಮಂತ್ರವಾದಿ, ಇಂಥ ಕೇರಿಯ ಇಂಥವಳೇ ಮಾಟ ಮಾಡಿಸಿದಳೆಂದು ಬೆರಳು ತೋರಿಸಿದೊಡನೆ ನುಡಿಯ ಗುಣವೇ ಕೆಟ್ಟು ಅದು ಆಯುಧವಾಗುತ್ತದೆ. ಒಂದು ಮನೆಯ ಕಾಯಿಲೆ ಇನ್ನೊಂದು ಮನೆಯ ಮಾನಹಾನಿಯಾಗಿ ಪರಿಣಮಿಸುತ್ತದೆ.

ಇನ್ನು ಅದನ್ನು ಮದ್ದೆಂದು ಪರೀಕ್ಷಿಸೋಣ. ಮೆಣಸಿನಕಾಯಿ ಸುಟ್ಟಾಗ ಘಾಟು ಬಾರದಿದ್ದರೆ ದೃಷ್ಟಿ ತಗುಲಿತ್ತೆಂದು ನಿರ್ಣಯ. ಘಾಟು ಬಂದು ಎಲ್ಲರೂ ಕೆಮ್ಮಿದರೋ? ಇನ್ನೊಮ್ಮೆ ತೆಗೆಯಬೇಕೆಂದೋ, ಇದು ಬೇರೆಯವರು ಮಾಡಿಸಿದ್ದೆಂದೋ ಸಮಾಧಾನ. ಹೇಗಾದರೂ ಸೋಲದ ಪರೀಕ್ಷೆ ಪರೀಕ್ಷೆಯೇ ಅಲ್ಲ. ಮಗು ಸುಮ್ಮನಾಗುವುದು ನಿಜ. ಅಳುವ ಕೂಸಿನ ಸುತ್ತ ಮನೆಮಂದಿಯೆಲ್ಲ ನೆರೆದು, ದೀಪ ಹಚ್ಚಿ, ಮೃದುವಾಗಿ ಮಾತನಾಡಿದರೆ ಅರ್ಧ ದುಗುಡ ತಾನಾಗಿಯೇ ಇಳಿಯುತ್ತದೆ. ಕಾಮಣಿಗೆ ತೋಳಿನ ಮೇಲೆ ಬರೆ ಎಳೆಯುವವರ ಕೀರ್ತಿಯೂ ಹೀಗೆಯೇ ಬೆಳೆದುದು. ನೀರು ಆಹಾರಗಳಿಂದ ಹರಡುವ ಕಾಮಾಲೆ ಬಹುಮಂದಿಗೆ ಕೆಲವು ವಾರಗಳಲ್ಲಿ ತಾನೇ ವಾಸಿಯಾಗುವಂಥದು. ವಾಸಿಮಾಡಿದ್ದು ದೇಹ, ಹೆಸರು ಬಂದದ್ದು ಬರೆಗೆ. ವಿಷದ ಹಾವು ಕಚ್ಚಿದಾಗಲೆಲ್ಲ ವಿಷವನ್ನು ಇಳಿಸಿಯೇ ಇರುವುದಿಲ್ಲ. ವಿಷವಿಲ್ಲದ ಹಾವುಗಳೇ ಅಧಿಕ. ಹಾಗೆ ಬದುಕಿದವರೆಲ್ಲರೂ ಮಂತ್ರಕ್ಕೆ ಸಾಕ್ಷಿಗಳಾದರು. ಸತ್ತವರಿಗೆ ಸಾಕ್ಷಿ ಹೇಳುವ ಬಾಯಿ ಎಲ್ಲಿಯದು?

ವಾಚಕರೇ, ಅಪಾಯವಿರುವುದು ಉಪ್ಪು ಮೆಣಸಿನಲ್ಲಿ ಅಲ್ಲ, ಅದಕ್ಕಾಗಿ ಕಳೆದುಹೋಗುವ ಹೊತ್ತಿನಲ್ಲಿ. ಕಟ್ಟುಹಾವಿನ ಕಡಿತವನ್ನು ನೆನೆಯಿರಿ. ನೆಲದ ಮೇಲೆ ಮಲಗಿದವರನ್ನು ರಾತ್ರಿಯಲ್ಲಿ ಅದು ಕಚ್ಚುತ್ತದೆ. ನೋವು ಬಾವು ಅತ್ಯಲ್ಪ, ಗಾಯ ಕಾಣಿಸದೆಯೂ ಇರಬಹುದು. ಬೆಳಗಿನ ಜಾವ ಮಗು ಹೊಟ್ಟೆನೋವೆಂದು ಏಳುತ್ತದೆ, ಕಣ್ಣಿನ ರೆಪ್ಪೆ ಜೋತುಬೀಳುತ್ತದೆ. ಮನೆಯವರು ಅದನ್ನು ದೃಷ್ಟಿಯೆಂದೋ ಗಾಳಿಯೆಂದೋ ಬಗೆದು ನಿವಾಳಿಸುತ್ತ ಕುಳಿತರೆ, ಉಸಿರಾಟದ ಸ್ನಾಯುಗಳು ಸೋಲುವ ಮುನ್ನ ಆಸ್ಪತ್ರೆ ಸೇರುವ ಅವಕಾಶ ಕೈತಪ್ಪುತ್ತದೆ. ನಾಯಿ ಕಚ್ಚಿದ ವಿಷಯದಲ್ಲಿ ಮೋಸ ಇನ್ನೂ ಸೂಕ್ಷ್ಮ. ರೋಗ ತೋರಲು ವಾರಗಳೋ ತಿಂಗಳುಗಳೋ ಬೇಕು. ಅಲ್ಲಿಯವರೆಗೆ ತಾಯಿತ ಗೆದ್ದಂತೆಯೇ ಕಾಣುತ್ತದೆ. ಲಕ್ಷಣ ತೋರಿದ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಕೂಡಲೇ ಸಾಬೂನು ಹಚ್ಚಿ ಕಾಲುಗಂಟೆ ಗಾಯ ತೊಳೆದು ಲಸಿಕೆ ಹಾಕಿಸುವುದೊಂದೇ ದಾರಿ.

ಹೊರಗಿನವರನ್ನು ಟೀಕಿಸಿದ ನಾವು ನಮ್ಮನ್ನೂ ನೋಡಿಕೊಳ್ಳಬೇಡವೇ? ರೋಗಿಯನ್ನು ಆಸ್ಪತ್ರೆಗೆ ಒಯ್ಯದೆ ಮಠದ ಬಾಗಿಲಿಗೆ ತಂದು, ವಿಭೂತಿ ಹಚ್ಚಿದರೆ ಸಾಕೆನ್ನುವ ಭಕ್ತರು ಇದ್ದಾರೆ. ವಿಭೂತಿ ಪಾದೋದಕಗಳು ಅಷ್ಟಾವರಣದ ಅಂಗಗಳು, ಅರಿವಿನ ಕುರುಹುಗಳು. ಅವನ್ನು ಔಷಧಾಲಯದ ಪುಡಿಕಷಾಯಗಳ ಮಟ್ಟಕ್ಕೆ ಇಳಿಸುವುದು ಭಕ್ತಿಯಲ್ಲ. 12ನೆಯ ಶತಮಾನದ ಶರಣ ವೈದ್ಯ ಸಂಗಣ್ಣ ವೈದ್ಯವನ್ನೇ ಕಾಯಕವನ್ನಾಗಿ ಉಳ್ಳವನು; ರೋಗ ಔಷಧಗಳ ಪರಿಭಾಷೆಯಲ್ಲೇ ಅನುಭಾವವನ್ನು ನುಡಿದ ವಚನಕಾರ. ವೈದ್ಯನ ಕಾಯಕಕ್ಕೆ ಇಂಥ ಗೌರವವಿತ್ತ ಪರಂಪರೆಯವರು ವೈದ್ಯನ ಬಳಿಗೆ ಹೋಗಲು ಹಿಂಜರಿಯುವುದು ವಿಪರ್ಯಾಸವಲ್ಲವೇ?

ಕರ್ನಾಟಕದ ಶಾಸನಸಭೆ 2017ರಲ್ಲಿ ಅಂಗೀಕರಿಸಿ, 2020ರಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿಗಳ ನಿಷೇಧದ ಕಾಯಿದೆ, ಹಾವು ಚೇಳು ನಾಯಿ ಕಚ್ಚಿದವರನ್ನು ಚಿಕಿತ್ಸೆಯಿಂದ ತಡೆದು ಮಂತ್ರತಂತ್ರ ಮಾಡುವುದನ್ನು ಅಪರಾಧವೆಂದು ಸಾರಿದೆ. ಆದರೆ ಒಲೆಯ ಮುಂದಿನ ಅಜ್ಜಿಯ ಬಳಿಗೆ ಕಾನೂನು ಹೋಗಲಾರದು, ಹೋಗಬೇಕಾಗಿಯೂ ಇಲ್ಲ. ಅಲ್ಲಿಗೆ ಹೋಗಬೇಕಾದವರು ನೀವು, ಮಠದ ಅನ್ನವುಂಡು ಅಕ್ಷರ ಕಲಿತವರು. ಆ ಮುಷ್ಟಿಯನ್ನು ಹಿಡಿದು ಜಗಳವಾಡಬೇಡಿ. “ಅವ್ವಾ, ನೀನು ದೃಷ್ಟಿ ತೆಗಿ, ಅಷ್ಟರಾಗ ನಾನು ಗಾಡಿ ತರತೇನಿ” ಎನ್ನಿರಿ. ವಾತ್ಸಲ್ಯ ಉಳಿಯಲಿ, ವಿಳಂಬ ಅಳಿಯಲಿ. ಇಷ್ಟಾದರೆ ಮಗುವೂ ಬದುಕೀತು, ಮನೆಯೂ ಬೆಳಗೀತು.