ಹ್ಯೂ ಮಿಲ್ಲರನ ‘ಹಳೆಯ ಕೆಂಪು ಮರಳುಗಲ್ಲು’

ಸ್ಕಾಟ್‌ಲೆಂಡಿನ ಕ್ರೋಮಾರ್ಟಿಯಲ್ಲಿ 1802ರಲ್ಲಿ ಜನಿಸಿದ ಹ್ಯೂ ಮಿಲ್ಲರನು ಕಲ್ಲುಕುಟಿಗನ ವೃತ್ತಿಯಿಂದ ಪತ್ರಿಕಾಸಂಪಾದಕನ ಪದವಿಗೆ ಬಂದವನು. ಅವನ ‘ಹಳೆಯ ಕೆಂಪು ಮರಳುಗಲ್ಲು’ ಎಂಬ ಗ್ರಂಥವು 1841ರಲ್ಲಿ ಪ್ರಕಟವಾಯಿತು. ಆ ಕಲ್ಲು ಪದರಗೊಂಡ ಕಾಲಕ್ಕೆ ಸೆಜ್ವಿಕ್, ಮರ್ಚಿಸನ್ ಎಂಬ ವಿದ್ವಾಂಸರು ಡೆವೋನಿಯನ್ ಯುಗವೆಂದು ಹೆಸರಿಟ್ಟು ಆಗ್ಗೆ ಎರಡೇ ವರ್ಷವಾಗಿದ್ದಿತು. ಈಗಿನ ಗಣನೆಯಂತೆ ಅದು ಸುಮಾರು 42 ಕೋಟಿ ವರ್ಷಗಳ ಹಿಂದೆ ತೊಡಗಿ 36 ಕೋಟಿ ವರ್ಷಗಳ ಹಿಂದೆ ಮುಗಿದ ಮತ್ಸ್ಯಯುಗ.

ಇದರಲ್ಲಿಯ ಶಾಸ್ತ್ರವು ಹಳತಾಯಿತು, ಶೈಲಿ ಮಾತ್ರ ಉಳಿಯಿತು ಎಂದುಬಿಡುವುದು ಸುಲಭ. ಆದರೆ ಹಾಗೆ ಬೇರ್ಪಡಿಸಿದರೆ ಆ ಶೈಲಿಯು ಎಲ್ಲಿಂದ ಬಂದಿತೆಂಬುದೇ ಮರೆಯಾಗುವುದು. ಗಣಿಯಲ್ಲಿ ಬಂಡೆಯನ್ನೆಬ್ಬಿಸಿದಾಗ ಅದರ ಮೈಮೇಲೆ, ಇಳಿತದ ಅನಂತರ ಕಡಲತಡಿಯ ಮರಳಿನಲ್ಲಿ ಮೂಡುವಂತಹ ಅಲೆಗೆರೆಗಳು ಕಂಡ ಪ್ರಸಂಗವನ್ನು ನೋಡಬಹುದು. ಅಲ್ಲಿ ಹೊರಗಿನಿಂದ ತಂದ ಅಲಂಕಾರವಿಲ್ಲ. ಕಲ್ಲಿನ ಪದರವನ್ನು ಕೈಯಾರೆ ಬಲ್ಲವನ ನೋಟವಿದೆ. ಮುಂಭಾಗವೆಲ್ಲ ಆಮೆಯಂತೆ ಫಲಕಗಳಿಂದ ಮುಚ್ಚಿ, ಎರಡು ಪಕ್ಕಗಳಲ್ಲಿ ರೆಕ್ಕೆಯಂತಹ ಅಂಗಗಳನ್ನು ಚಾಚಿದ ವಿಚಿತ್ರ ಮತ್ಸ್ಯದ ವರ್ಣನೆಯೂ ಇಂತಹದೇ. ಫಲಕಕ್ಕೆ ಫಲಕವು ಕೂಡುವ ಬಗೆಯನ್ನು ಅವನು ಕಸುಬುದಾರನಂತೆ ಪರೀಕ್ಷಿಸುವನು. ವಾಕ್ಯದ ಸೊಗಸು ಆ ಪರೀಕ್ಷೆಯಿಂದಲೇ ಹುಟ್ಟಿದುದು.

ವಾದಕ್ಕೆ ನಿಂತಾಗ ಮಿಲ್ಲರನ ಗದ್ಯವು ಬಿರುಸಾಗುವುದು. ಆ ರೆಕ್ಕೆಗಳನ್ನು ಕಂಡೊಡನೆ ಲಾಮಾರ್ಕನ ಪರಿಣಾಮವಾದವನ್ನು ಹಾಸ್ಯಮಾಡದೆ ಇರಲಾರನು (ಹಾಸ್ಯವೇನೋ ಚೆನ್ನಾಗಿಯೇ ಇದೆ). 1849ರ ‘ಸೃಷ್ಟಿಕರ್ತನ ಹೆಜ್ಜೆಗುರುತುಗಳು’ ಎಂಬ ಗ್ರಂಥದಲ್ಲಿ ಈ ಹಾಸ್ಯವೇ ಪ್ರಮಾಣದ ವೇಷ ತೊಟ್ಟಿದೆ. ಆರ್ಕ್ನಿ ದ್ವೀಪದ ಸ್ಟ್ರಾಮ್‌ನೆಸ್ಸಿನಲ್ಲಿ ದೊರೆತ ಮೀನು ಗಾತ್ರದಲ್ಲಿಯೂ ರಚನೆಯಲ್ಲಿಯೂ ಹಿರಿದಾದುದು. ಆದಕಾರಣ ಜೀವಿಗಳು ಕ್ರಮಕ್ರಮವಾಗಿ ಬೆಳೆದುಬಂದವೆಂಬುದು ಸುಳ್ಳೆಂದು ಅವನ ತರ್ಕ. ಅದಕ್ಕೂ ಕೆಳಗಿನ ಪದರಗಳಲ್ಲಿ ಆಗ ಕಾಣದಿದ್ದುದನ್ನು ಇಲ್ಲದುದೆಂದೇ ಭಾವಿಸಿದುದು ಇಲ್ಲಿಯ ದೋಷ. ಕಲ್ಲು ನುಡಿದುದನ್ನು ಅಷ್ಟು ಎಚ್ಚರದಿಂದ ಕೇಳಿದವನು ಅದರ ಮೌನವನ್ನೂ ಸಾಕ್ಷ್ಯವೆಂದೆಣಿಸಿದನು. ದವಡೆಯಿಲ್ಲದ ಮೀನುಗಳು ಅನಂತರ ಇನ್ನೂ ಹಳೆಯ ಶಿಲೆಗಳಲ್ಲಿ ದೊರೆತವು. ಕೆನಡದ ಎಲ್ಸ್‌ಮಿಯರ್ ದ್ವೀಪದ ಡೆವೋನಿಯನ್ ಶಿಲೆಯಲ್ಲಿಯೇ ಸಿಕ್ಕಿ, 2006ರಲ್ಲಿ ವಿವರಿಸಲ್ಪಟ್ಟ ಟಿಕ್ಟಾಲಿಕ್ ಎಂಬ ಮೀನಿನ ಈಜುರೆಕ್ಕೆಯೊಳಗೆ ಮಣಿಕಟ್ಟನ್ನು ಹೋಲುವ ಮೂಳೆಗಳಿವೆ.

ಆದರೂ ಮುನ್ನಿನ ಗ್ರಂಥದ ವರ್ಣನೆಗಳನ್ನು ಈ ಶೋಧಗಳು ಅಳಿಸಿಲ್ಲ. ಅಗಾಸಿಜ್ ಪಂಡಿತನು ಆ ರೆಕ್ಕೆಮೀನಿನ ಒಂದು ಜಾತಿಗೆ ಮಿಲ್ಲರನ ಹೆಸರನ್ನಿಟ್ಟನು. ಮುಂದೆ ಕುಲನಾಮವು ಬದಲಾಯಿತಾದರೂ ‘ಮಿಲ್ಲೆರಿ’ ಎಂಬ ಜಾತಿನಾಮವು ಈಗಲೂ ಬಳಕೆಯಲ್ಲಿದೆ.